ಆಂಡ್ರಾಯ್ಡ್ ಆ್ಯಪ್ ಅಭಿವೃದ್ಧಿಯ ಸಾಮಾನ್ಯ ತೊಡಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಡ್ರಾಯ್ಡ್ ಆ್ಯಪ್ ಕಟ್ಟುವಾಗ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಈಗಾಗಲೇ ಅನೇಕರನ್ನು ಕಾಡಿರುವಂಥವೇ. ಆದರೂ ಅವು ದಿನಗಟ್ಟಲೆ ಬಗೆಹರಿಯದೆ ಉಳಿಯುವುದಕ್ಕೆ ಎರಡು ಕಾರಣಗಳಿವೆ: ದೋಷದ ಸಂದೇಶವನ್ನು ಪೂರ್ತಿ ಓದುವ ಮೊದಲೇ ಪರಿಹಾರ ಹುಡುಕಲು ಹೊರಡುವುದು, ಮತ್ತು ಒಂದೇ ಸಲಕ್ಕೆ ನಾಲ್ಕಾರು ಕಡೆ ಕೈಹಾಕಿ ಯಾವ ಬದಲಾವಣೆಯಿಂದ ಏನಾಯಿತೆಂಬುದೇ ತಿಳಿಯದಂತೆ ಮಾಡಿಕೊಳ್ಳುವುದು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಪರಿಹಾರದ ಜೊತೆಗೆ ತೊಡಕು ಹುಟ್ಟುವ ಕಾರಣವನ್ನೂ ಹೇಳಲಾಗಿದೆ. ಉದಾಹರಣೆಗಳು ಕಾಟ್ಲಿನ್ ಭಾಷೆ ಮತ್ತು ಆಂಡ್ರಾಯ್ಡ್ ಸ್ಟುಡಿಯೋವನ್ನು ಬಳಸುವವರನ್ನು ಗಮನದಲ್ಲಿಟ್ಟುಕೊಂಡಿವೆ.

ಪ್ರಾಜೆಕ್ಟ್ ತೆರೆದ ಕೂಡಲೇ ಗ್ರೇಡಲ್ ಸಿಂಕ್ ವಿಫಲವಾಗುತ್ತದೆ. ಎಲ್ಲಿಂದ ನೋಡಬೇಕು?

ಮೊದಲು ನೋಡಬೇಕಾದದ್ದು ಆವೃತ್ತಿಗಳ ಹೊಂದಾಣಿಕೆಯನ್ನು. ಗ್ರೇಡಲ್ (ಕೋಡಿನಿಂದ ಆ್ಯಪ್ ಕಟ್ಟುವ ಬಿಲ್ಡ್ ಸಾಧನ), ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್, ಜೆಡಿಕೆ (ಜಾವಾ ಅಭಿವೃದ್ಧಿ ಸಾಧನಗಳ ಕಿಟ್) ಮತ್ತು ಕಾಟ್ಲಿನ್, ಈ ನಾಲ್ಕೂ ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತವೆ. ಒಂದನ್ನು ಮಾತ್ರ ಏರಿಸಿದರೆ ಉಳಿದವು ಹಿಂದೆ ಬೀಳುತ್ತವೆ. ಪ್ಲಗಿನ್ 7.0ಕ್ಕೆ ಜೆಡಿಕೆ 11 ಬೇಕಿತ್ತು, 8.0ಕ್ಕೆ ಜೆಡಿಕೆ 17 ಮತ್ತು ಕನಿಷ್ಠ ಗ್ರೇಡಲ್ 8.0 ಬೇಕು. ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’ ಎಂಬ ಸಂದೇಶ ಬಂದರೆ ಆ ಸಂಖ್ಯೆಯಿಂದ 44 ಕಳೆಯಿರಿ, ಜಾವಾ ಆವೃತ್ತಿ ಸಿಗುತ್ತದೆ: 61 ಎಂದರೆ ಜಾವಾ 17, 65 ಎಂದರೆ ಜಾವಾ 21. ಅಂದರೆ ನಿಮ್ಮ ಗ್ರೇಡಲ್ ತನಗೆ ಪರಿಚಯವಿಲ್ಲದಷ್ಟು ಹೊಸ ಜೆಡಿಕೆಯ ಮೇಲೆ ಓಡುತ್ತಿದೆ ಎಂದರ್ಥ. ಗ್ರೇಡಲ್ 8.5 ಅಥವಾ ಅದಕ್ಕಿಂತ ಹೊಸದಕ್ಕೆ ಏರಬಹುದು, ಇಲ್ಲವೇ ಜೆಡಿಕೆಯನ್ನು 17ಕ್ಕೆ ಇಳಿಸಬಹುದು.

ಸ್ಟುಡಿಯೋದಲ್ಲಿ ಬಿಲ್ಡ್ ಆಗುವ ಪ್ರಾಜೆಕ್ಟ್ ಟರ್ಮಿನಲ್‌ನಲ್ಲಿ ಆಗದಿದ್ದರೆ ಗೊಂದಲಪಡಬೇಕಿಲ್ಲ. ಸ್ಟುಡಿಯೋ ತನ್ನ ಸೆಟ್ಟಿಂಗ್ಸ್‌ನಲ್ಲಿ ಗೊತ್ತುಪಡಿಸಿದ ಜೆಡಿಕೆಯನ್ನು ಬಳಸುತ್ತದೆ, ಟರ್ಮಿನಲ್ ಸಾಮಾನ್ಯವಾಗಿ ‘ಜಾವಾ ಹೋಮ್’ ಎಂಬ ಪರಿಸರ ಚರ ತೋರಿಸಿದ್ದನ್ನು ಬಳಸುತ್ತದೆ. ಎರಡೂ ಒಂದೇ ಜೆಡಿಕೆಯನ್ನು ತೋರಿಸುವಂತೆ ಮಾಡಿ.

‘ಕುಡ್ ನಾಟ್ ರಿಸಾಲ್ವ್’ ಎಂಬ ಸಂದೇಶದ ಕಥೆ ಬೇರೆ. ಅಲ್ಲಿ ಲೈಬ್ರರಿಯೇ ಸಿಗುತ್ತಿಲ್ಲ. ಗೂಗಲ್ ಮತ್ತು ಮೇವೆನ್ ಸೆಂಟ್ರಲ್ ರೆಪಾಸಿಟರಿಗಳು ಸೆಟ್ಟಿಂಗ್ಸ್ ಗ್ರೇಡಲ್ ಕಡತದಲ್ಲಿವೆಯೇ, ಸ್ಟುಡಿಯೋದ ಗ್ರೇಡಲ್ ಆಫ್‌ಲೈನ್ ಮೋಡ್ ಅಕಸ್ಮಾತ್ ಆನ್ ಆಗಿದೆಯೇ ಎಂದು ನೋಡಿ. ಹಳೆಯ ಪ್ರಾಜೆಕ್ಟ್ ಜೆಸೆಂಟರ್ ಎಂಬ ಹಳೆಯ ರೆಪಾಸಿಟರಿಯನ್ನು ನಂಬಿಕೊಂಡಿದ್ದರೆ ಅದನ್ನು ತೆಗೆದುಹಾಕಿ; 2021ರಿಂದ ಅಲ್ಲಿ ಹೊಸ ಆವೃತ್ತಿಗಳು ಸೇರುತ್ತಿಲ್ಲ.

ಹಳೆಯ ಪ್ರಾಜೆಕ್ಟನ್ನು ಪ್ಲಗಿನ್ 8ಕ್ಕೆ ಏರಿಸಿದ ಮೇಲೆ ಮೊದಲು ಸರಿಯಿದ್ದ ಕೋಡ್ ಕಂಪೈಲ್ ಆಗುತ್ತಿಲ್ಲ. ಏಕೆ?

ಆ ಆವೃತ್ತಿಯಲ್ಲಿ ಹಲವು ಪೂರ್ವನಿಯೋಜಿತ ಆಯ್ಕೆಗಳು ಬದಲಾದವು. ಮೊದಲು ಆ್ಯಪಿನ ವಿವರ ಘೋಷಿಸುವ ಮ್ಯಾನಿಫೆಸ್ಟ್ ಕಡತದ ಪ್ಯಾಕೇಜ್ ಎಂಬಲ್ಲಿ ಬರೆಯುತ್ತಿದ್ದ ಹೆಸರನ್ನು ಈಗ ಪ್ರತಿ ಮಾಡ್ಯೂಲಿನ ಗ್ರೇಡಲ್ ಕಡತದಲ್ಲಿ ನೇಮ್‌ಸ್ಪೇಸ್ ಎಂದು ಕೊಡಲೇಬೇಕು. ಬಿಲ್ಡ್‌ಕಾನ್ಫಿಗ್ ಕ್ಲಾಸ್ ತಾನಾಗಿ ಹುಟ್ಟುವುದಿಲ್ಲ. ಬೇಕಿದ್ದರೆ ಬಿಲ್ಡ್ ಫೀಚರ್ಸ್ ಭಾಗದಲ್ಲಿ ಅದನ್ನು ಆನ್ ಮಾಡಬೇಕು. ಇನ್ನೊಂದು ಮಾಡ್ಯೂಲಿನ ರಿಸೋರ್ಸನ್ನು ನಿಮ್ಮ ಮಾಡ್ಯೂಲಿನ ಆರ್ ಕ್ಲಾಸ್ ಮೂಲಕ ಕರೆಯುತ್ತಿದ್ದರೆ, ಈಗ ಆಯಾ ಮಾಡ್ಯೂಲಿನದೇ ಆರ್ ಕ್ಲಾಸನ್ನು ಇಂಪೋರ್ಟ್ ಮಾಡಿಕೊಳ್ಳಬೇಕಾಗುತ್ತದೆ.

ಕಂಪೋಸ್ (ಪರದೆಗಳನ್ನು ಕಾಟ್ಲಿನ್ ಕೋಡಿನಲ್ಲೇ ಕಟ್ಟುವ ಸಾಧನ) ಬಳಸುವವರು ಇನ್ನೊಂದನ್ನು ಗಮನಿಸಬೇಕು. ಕಾಟ್ಲಿನ್ 2.0ಕ್ಕಿಂತ ಮೊದಲು ಕಂಪೋಸ್ ಕಂಪೈಲರಿನ ಆವೃತ್ತಿಯನ್ನು ಕಾಟ್ಲಿನ್ ಆವೃತ್ತಿಗೆ ಸರಿಹೊಂದುವಂತೆ ಪ್ರತ್ಯೇಕವಾಗಿ ಬರೆಯಬೇಕಿತ್ತು. 2.0ರಿಂದ ಕಂಪೈಲರ್ ಕಾಟ್ಲಿನ್ ಜೊತೆಗೇ ಬರುತ್ತದೆ, ಕಂಪೋಸ್ ಕಂಪೈಲರ್ ಪ್ಲಗಿನ್ ಸೇರಿಸಿದರೆ ಸಾಕು. ಹಳೆಯ ಸಾಲನ್ನು ಹಾಗೇ ಬಿಟ್ಟು ಕಾಟ್ಲಿನ್ ಮಾತ್ರ ಏರಿಸಿದಾಗಲೇ ಹೆಚ್ಚಿನವರಿಗೆ ತೊಂದರೆ ಎದುರಾಗುತ್ತದೆ.

‘ಡೂಪ್ಲಿಕೇಟ್ ಕ್ಲಾಸ್’ ಎಂದು ಬಿಲ್ಡ್ ನಿಲ್ಲುತ್ತದೆ.

ಒಂದೇ ಕ್ಲಾಸ್ ಎರಡು ಲೈಬ್ರರಿಗಳ ಮೂಲಕ ಒಳಬಂದಿದೆ. ನೀವು ನೇರವಾಗಿ ಸೇರಿಸಿದ ಲೈಬ್ರರಿಗಳಲ್ಲಿ ಅದು ಕಾಣದಿರಬಹುದು. ಅವು ತಮ್ಮೊಡನೆ ಕರೆತಂದ ಲೈಬ್ರರಿಗಳಲ್ಲಿ ಇರುತ್ತದೆ. ಗ್ರೇಡಲ್‌ನ ಡಿಪೆಂಡೆನ್ಸೀಸ್ ಟಾಸ್ಕ್ ಓಡಿಸಿದರೆ ಯಾವುದು ಯಾವುದನ್ನು ಎಳೆದುಕೊಂಡು ಬಂದಿದೆ ಎಂಬ ಪೂರ್ಣ ಮರ ತೆರೆದುಕೊಳ್ಳುತ್ತದೆ. ಎರಡು ಪ್ರಸಂಗಗಳು ಮಾತ್ರ ಮತ್ತೆ ಮತ್ತೆ ಬರುತ್ತವೆ. ಹಳೆಯ ಸಪೋರ್ಟ್ ಲೈಬ್ರರಿಯೂ ಆಂಡ್ರಾಯ್ಡ್‌ಎಕ್ಸ್ ಕೂಡ ಒಟ್ಟಿಗೆ ಇರುವುದು ಒಂದು. ಕಾಟ್ಲಿನ್ 1.8ರಲ್ಲಿ ಜೆಡಿಕೆ7 ಮತ್ತು ಜೆಡಿಕೆ8 ಎಂಬ ಉಪಲೈಬ್ರರಿಗಳು ಮುಖ್ಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಸೇರಿಹೋದ ಮೇಲೂ ಅವುಗಳ ಹಳೆಯ ಆವೃತ್ತಿ ಎಲ್ಲಿಂದಲೋ ಬರುತ್ತಿರುವುದು ಇನ್ನೊಂದು. ಕಾಟ್ಲಿನ್ ಬಿಒಎಂ (ಪರಸ್ಪರ ಹೊಂದುವ ಆವೃತ್ತಿಗಳ ಪಟ್ಟಿ) ಸೇರಿಸಿ ಎಲ್ಲವನ್ನೂ ಒಂದೇ ಆವೃತ್ತಿಗೆ ತಂದರೆ ಎರಡನೆಯದು ತೀರುತ್ತದೆ. ಕಂಡಕಂಡಲ್ಲೆಲ್ಲ ಎಕ್ಸ್‌ಕ್ಲೂಡ್ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಬಿಲ್ಡ್ ಆದರೂ ಆ್ಯಪ್ ಓಡುವಾಗ ಬೇಕಾದ ಕ್ಲಾಸ್ ಸಿಗದೆ ಕ್ರ್ಯಾಶ್ ಆಗುವ ಅಪಾಯ ಉಳಿದೇ ಇರುತ್ತದೆ.

ಕ್ಲೀನ್, ರೀಬಿಲ್ಡ್, ಇನ್‌ವ್ಯಾಲಿಡೇಟ್ ಕ್ಯಾಶಸ್ ಇವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಕೆಲವೊಮ್ಮೆ ಇದೆ. ಕೋಡ್ ಸರಿಯಾಗಿ ಬಿಲ್ಡ್ ಆಗುತ್ತಿದ್ದರೂ ಸ್ಟುಡಿಯೋ ಮಾತ್ರ ಕೆಂಪು ಗೆರೆ ಎಳೆಯುತ್ತಿದ್ದರೆ ಕ್ಯಾಶ್ ಅಳಿಸುವುದು ಸರಿಯಾದ ಮದ್ದು. ಬಿಲ್ಡೇ ಸ್ಪಷ್ಟ ಸಂದೇಶದೊಂದಿಗೆ ವಿಫಲವಾಗುತ್ತಿದ್ದರೆ ಅದರಿಂದ ಸಮಯ ಮಾತ್ರ ವ್ಯರ್ಥ.

ಫೋನನ್ನು ಕೇಬಲ್‌ನಿಂದ ಜೋಡಿಸಿದರೂ ಸ್ಟುಡಿಯೋದಲ್ಲಿ ಕಾಣುತ್ತಿಲ್ಲ.

ಕೇಬಲನ್ನೇ ಮೊದಲು ಬದಲಿಸಿ ನೋಡಿ. ಚಾರ್ಜ್ ಮಾತ್ರ ಮಾಡುವ, ಡೇಟಾ ಸಾಗಿಸದ ಕೇಬಲ್‌ಗಳು ಬಹಳ ಇವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಆಗಿರಬೇಕು. ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಪಟ್ಟಿಯಲ್ಲಿ ‘ಅನ್‌ಆಥರೈಸ್ಡ್’ ಎಂದು ಕಂಡರೆ ಫೋನಿನ ಪರದೆಯ ಮೇಲೆ ಅನುಮತಿಯ ಕಿಟಕಿ ನಿಮ್ಮ ಉತ್ತರಕ್ಕೆ ಕಾಯುತ್ತಿದೆ ಎಂದು ತಿಳಿಯಿರಿ. ಅದು ಬಾರದಿದ್ದರೆ ಡೆವಲಪರ್ ಆಯ್ಕೆಗಳಲ್ಲಿ ಹಳೆಯ ಅನುಮತಿಗಳನ್ನು ರದ್ದುಮಾಡಿ, ಎಡಿಬಿ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಿ. ಆಂಡ್ರಾಯ್ಡ್ 11ರಿಂದ ಈಚೆಗಿನ ಫೋನುಗಳಲ್ಲಿ ವೈಫೈ ಮೂಲಕವೂ ಡಿಬಗ್ ಮಾಡಬಹುದು.

ಎಮ್ಯುಲೇಟರ್ ತೀರಾ ನಿಧಾನವಾಗಿದೆ.

ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ ಬಯೋಸ್‌ನಲ್ಲಿ ಆನ್ ಆಗಿದೆಯೇ ನೋಡಿ. ಲಿನಕ್ಸ್‌ನಲ್ಲಿ ಕೆವಿಎಂ, ವಿಂಡೋಸ್‌ನಲ್ಲಿ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಸಕ್ರಿಯವಾಗಿರಬೇಕು. ಆ್ಯಪಲ್ ಸಿಲಿಕಾನ್ ಕಂಪ್ಯೂಟರಿನಲ್ಲಿ ಆರ್ಮ್64 ಸಿಸ್ಟಂ ಇಮೇಜನ್ನೇ ಆರಿಸಿಕೊಳ್ಳಿ.

ಆ್ಯಪ್ ತೆರೆದ ಕೂಡಲೇ ಕ್ರ್ಯಾಶ್ ಆಗುತ್ತದೆ. ಲಾಗ್‌ಕ್ಯಾಟ್‌ನ ಆ ಉದ್ದದ ಪಟ್ಟಿಯನ್ನು ಹೇಗೆ ಓದಬೇಕು?

ಇದೊಂದು ಕೌಶಲ ಕೈವಶವಾದರೆ ಅರ್ಧಕ್ಕಿಂತ ಹೆಚ್ಚು ತೊಡಕುಗಳು ತಾವಾಗಿ ಸಣ್ಣವಾಗುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಲಾಗ್‌ಕ್ಯಾಟ್‌ನಲ್ಲಿ, ಅಂದರೆ ಫೋನಿನ ಸಂದೇಶಗಳ ದಾಖಲೆಯಲ್ಲಿ, ‘ಫೇಟಲ್ ಎಕ್ಸೆಪ್ಷನ್’ ಎಂದು ಹುಡುಕಿ. ಅದರ ಕೆಳಗೆ ‘ರನ್‌ಟೈಮ್ ಎಕ್ಸೆಪ್ಷನ್: ಅನೇಬಲ್ ಟು ಸ್ಟಾರ್ಟ್ ಆಕ್ಟಿವಿಟಿ’ ಎಂಬ ಸಾಲು ಇದೆಯೆಂದು ಇಟ್ಟುಕೊಳ್ಳಿ. ಹೆಚ್ಚಿನವರು ಈ ಸಾಲನ್ನೇ ನಕಲು ಮಾಡಿ ಅಂತರ್ಜಾಲದಲ್ಲಿ ಹುಡುಕಿ, ಸಂಬಂಧವಿಲ್ಲದ ನೂರು ಉತ್ತರಗಳನ್ನು ಪಡೆಯುತ್ತಾರೆ. ಆ ಸಾಲು ಹೇಳುವುದು ಆಕ್ಟಿವಿಟಿ (ಆ್ಯಪಿನ ಒಂದು ಪರದೆ) ಆರಂಭವಾಗಲಿಲ್ಲ ಎಂಬ ಪರಿಣಾಮವನ್ನಷ್ಟೇ. ಕಾರಣ ಇರುವುದು ಇನ್ನೂ ಕೆಳಗೆ, ‘ಕಾಸ್ಡ್ ಬೈ’ ಎಂದು ಆರಂಭವಾಗುವ ಸಾಲಿನಲ್ಲಿ. ಅಂಥ ಸಾಲುಗಳು ಹಲವು ಇದ್ದರೆ ಕೊನೆಯದೇ ಮೂಲ.

ಅಲ್ಲಿ ‘ಲೇಟ್‌ಇನಿಟ್ ಪ್ರಾಪರ್ಟಿ ಅಡಾಪ್ಟರ್ ಹ್ಯಾಸ್ ನಾಟ್ ಬೀನ್ ಇನಿಷಿಯಲೈಸ್ಡ್’ ಎಂದಿದ್ದರೆ, ಅಡಾಪ್ಟರ್ ಎಂಬ ಚರಕ್ಕೆ ಮೌಲ್ಯ ಕೊಡುವ ಮೊದಲೇ ಅದನ್ನು ಬಳಸಲಾಗಿದೆ. ಎಲ್ಲಿ ಎಂದು ತಿಳಿಯಲು, ಆ ‘ಕಾಸ್ಡ್ ಬೈ’ ಸಾಲಿನ ಕೆಳಗಿನ ಪಟ್ಟಿಯಲ್ಲಿ ನಿಮ್ಮ ಆ್ಯಪಿನ ಪ್ಯಾಕೇಜ್ ಹೆಸರು ಮೊದಲ ಬಾರಿಗೆ ಕಾಣುವ ಸಾಲನ್ನು ಹಿಡಿಯಿರಿ. ಕಡತದ ಹೆಸರೂ ಸಾಲಿನ ಸಂಖ್ಯೆಯೂ ಅಲ್ಲೇ ಇರುತ್ತವೆ. ಅದರ ಮೇಲಿರುವ ಸಾಲುಗಳು ಆಂಡ್ರಾಯ್ಡ್‌ನವು ಅಥವಾ ಲೈಬ್ರರಿಯವು. ಅಲ್ಲಿ ದೋಷ ಇರುವ ಸಂಭವ ಕಡಿಮೆ.

ಜಾವಾ ಪಟ್ಟಿಯೇ ಇಲ್ಲದೆ ‘ಫೇಟಲ್ ಸಿಗ್ನಲ್ 11’ ಎಂದಷ್ಟೇ ಕಂಡರೆ ದೋಷ ಸಿ ಅಥವಾ ಸಿ ಪ್ಲಸ್ ಪ್ಲಸ್ ಕೋಡಿನಲ್ಲಿದೆ. ಅದನ್ನು ಬಿಡಿಸಿ ಓದಲು ಎನ್‌ಡಿಕೆ (ಅಂಥ ಕೋಡ್ ಕಟ್ಟುವ ಸಾಧನಗಳ ಕಿಟ್) ಜೊತೆ ಬರುವ ಎನ್‌ಡಿಕೆ-ಸ್ಟ್ಯಾಕ್ ಎಂಬ ಸಾಧನ ಬೇಕು.

ಫೋನನ್ನು ಅಡ್ಡ ತಿರುಗಿಸಿದರೆ ಬಳಕೆದಾರರು ತುಂಬಿದ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ.

ಪರದೆ ತಿರುಗಿದಾಗ, ಭಾಷೆ ಬದಲಾದಾಗ ಅಥವಾ ಕಿಟಕಿಯ ಅಳತೆ ಬದಲಾದಾಗ ಆಂಡ್ರಾಯ್ಡ್ ಆಕ್ಟಿವಿಟಿಯನ್ನು ನಾಶಮಾಡಿ ಹೊಸದಾಗಿ ಸೃಷ್ಟಿಸುತ್ತದೆ. ಆಕ್ಟಿವಿಟಿಯ ಚರಗಳಲ್ಲಿ ಇಟ್ಟಿದ್ದೆಲ್ಲ ಹೋಗುವುದು ಸಹಜ. ಮಾಹಿತಿಯನ್ನು ಈ ಮರುಸೃಷ್ಟಿಯಲ್ಲೂ ಉಳಿಯುವ ವ್ಯೂಮಾಡೆಲ್‌ಗೆ ಸಾಗಿಸಿದರೆ ಈ ತೊಡಕು ತೀರುತ್ತದೆ, ಮತ್ತು ಬಹಳಷ್ಟು ಜನ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಬಳಕೆದಾರರು ಇನ್ನೊಂದು ಆ್ಯಪಿಗೆ ಹೋಗಿದ್ದಾಗ ಮೆಮೊರಿ ಸಾಲದೆ ಸಿಸ್ಟಂ ನಿಮ್ಮ ಪ್ರಕ್ರಿಯೆಯನ್ನೇ ಕೊಂದುಬಿಟ್ಟರೆ ವ್ಯೂಮಾಡೆಲ್ ಕೂಡ ಅದರೊಡನೆ ಹೋಗುತ್ತದೆ. ಅವರು ಮರಳಿ ಬಂದಾಗ ಅದೇ ಪರದೆ ತೆರೆಯುತ್ತದೆ, ಒಳಗೆ ಮಾಹಿತಿ ಮಾತ್ರ ಇರುವುದಿಲ್ಲ. ಅರ್ಧ ತುಂಬಿದ ಅರ್ಜಿ ಹೀಗೆ ಕಳೆದುಹೋದರೆ ಬಳಕೆದಾರರು ಆ್ಯಪಿನ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ. ಇದನ್ನು ಸಣ್ಣ ದೋಷವೆಂದು ಬದಿಗಿಡಬಾರದು.

ಇದಕ್ಕೆ ಸೇವ್ಡ್‌ಸ್ಟೇಟ್‌ಹ್ಯಾಂಡಲ್, ಕಂಪೋಸ್‌ನಲ್ಲಾದರೆ ರಿಮೆಂಬರ್‌ಸೇವಬಲ್ ಬಳಸಿ. ಅಲ್ಲಿಡುವುದು ಚಿಕ್ಕದಾಗಿರಲಿ: ವಸ್ತುವಿನ ಗುರುತು ಸಂಖ್ಯೆ, ಹುಡುಕಾಟದ ಪದ, ಬರೆಯುತ್ತಿದ್ದ ಪಠ್ಯ ಇಷ್ಟೇ. ಪ್ರಕ್ರಿಯೆಗಳ ನಡುವೆ ಮಾಹಿತಿ ಸಾಗುವ ಬೈಂಡರ್ ಬಫರ್ ಸುಮಾರು 1 ಎಂಬಿಯದು, ಅದೂ ಇಡೀ ಪ್ರಕ್ರಿಯೆಗೆ ಸೇರಿ. ಚಿತ್ರವನ್ನೋ ದೊಡ್ಡ ಪಟ್ಟಿಯನ್ನೋ ತುಂಬಿದರೆ ‘ಟ್ರಾನ್ಸಾಕ್ಷನ್ ಟೂ ಲಾರ್ಜ್’ ಎಂಬ ಕ್ರ್ಯಾಶ್ ಖಚಿತ. ದೊಡ್ಡ ಮಾಹಿತಿ ಡೇಟಾಬೇಸಿನಲ್ಲಿರಲಿ.

ಪರೀಕ್ಷಿಸಲು ಆ್ಯಪನ್ನು ಹಿನ್ನೆಲೆಗೆ ಕಳುಹಿಸಿ, ಎಡಿಬಿ ಶೆಲ್‌ನಲ್ಲಿ ‘ಎಎಂ ಕಿಲ್’ ಆಜ್ಞೆಗೆ ಪ್ಯಾಕೇಜ್ ಹೆಸರು ಕೊಟ್ಟು ಓಡಿಸಿ, ನಂತರ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮತ್ತೆ ತೆರೆಯಿರಿ. ಮ್ಯಾನಿಫೆಸ್ಟ್‌ನಲ್ಲಿ ಕಾನ್ಫಿಗ್‌ಚೇಂಜಸ್ ಬರೆದು ಮರುಸೃಷ್ಟಿಯನ್ನು ತಡೆಯುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದು ತಿರುಗುವಿಕೆಯನ್ನು ಮರೆಮಾಡುತ್ತದೆ, ಪ್ರಕ್ರಿಯೆಯ ಸಾವನ್ನಲ್ಲ.

ಬ್ರೌಸರಿನಲ್ಲಿ ತೆರೆಯುವ ವಿಳಾಸ ಆ್ಯಪಿನಿಂದ ತೆರೆಯುತ್ತಿಲ್ಲ.

ಮ್ಯಾನಿಫೆಸ್ಟ್‌ನಲ್ಲಿ ಇಂಟರ್ನೆಟ್ ಅನುಮತಿ ಇದೆಯೇ ಎಂದು ನೋಡಿ ಮುಂದುವರಿಯಿರಿ. ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತಿರುವ ಸರ್ವರನ್ನು ಎಮ್ಯುಲೇಟರಿನಿಂದ ಲೋಕಲ್‌ಹೋಸ್ಟ್ ಎಂದು ಕರೆದರೆ ಅದು ಎಮ್ಯುಲೇಟರನ್ನೇ ಸೂಚಿಸುತ್ತದೆ, ಕಂಪ್ಯೂಟರಿಗೆ 10.0.2.2 ಎಂಬ ವಿಳಾಸ ಬಳಸಬೇಕು. ಕೇಬಲ್‌ನಲ್ಲಿ ಜೋಡಿಸಿದ ಫೋನಿಗೆ ಎಡಿಬಿ ರಿವರ್ಸ್ ಆಜ್ಞೆಯಿಂದ ಪೋರ್ಟನ್ನು ಹಿಂದಕ್ಕೆ ತಿರುಗಿಸಬಹುದು.

ಎಪಿಐ 28, ಅಂದರೆ ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದನ್ನು ಗುರಿಯಾಗಿಸಿದ ಆ್ಯಪಿನಲ್ಲಿ ಗೂಢಲಿಪಿ ಇಲ್ಲದ ಎಚ್‌ಟಿಟಿಪಿ ಸಂಪರ್ಕಕ್ಕೆ ಪೂರ್ವನಿಯೋಜಿತವಾಗಿಯೇ ತಡೆ ಇದೆ. ಬೆಳವಣಿಗೆಯ ಹಂತದಲ್ಲಿ ಅದು ಬೇಕೇಬೇಕಿದ್ದರೆ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಕಡತದಲ್ಲಿ ಆ ಒಂದು ವಿಳಾಸಕ್ಕೆ ಮಾತ್ರ, ಅದೂ ಡಿಬಗ್ ಬಿಲ್ಡ್‌ನಲ್ಲಿ ಮಾತ್ರ ವಿನಾಯಿತಿ ಕೊಡಿ.

ಎಚ್‌ಟಿಟಿಪಿಎಸ್ ವಿಳಾಸವೇ ಆಗಿದ್ದು ‘ಟ್ರಸ್ಟ್ ಆ್ಯಂಕರ್ ಫಾರ್ ಸರ್ಟಿಫಿಕೇಶನ್ ಪಾತ್ ನಾಟ್ ಫೌಂಡ್’ ಎಂದು ಬಂದರೆ, ಸರ್ವರ್ ತನ್ನ ಪ್ರಮಾಣಪತ್ರದ ಜೊತೆ ಮಧ್ಯವರ್ತಿ ಪ್ರಮಾಣಪತ್ರವನ್ನು ಕಳುಹಿಸದಿರುವ ಸಂಭವವಿದೆ. ಬ್ರೌಸರುಗಳು ಅದನ್ನು ಬೇರೆ ದಾರಿಯಿಂದ ತುಂಬಿಕೊಳ್ಳಬಲ್ಲವು. ಆಂಡ್ರಾಯ್ಡ್ ಆ್ಯಪ್ ಹಾಗೆ ಮಾಡುವುದಿಲ್ಲ. ಸರಿಪಡಿಸಬೇಕಾದದ್ದು ಸರ್ವರನ್ನು. ಎಲ್ಲ ಪ್ರಮಾಣಪತ್ರಗಳನ್ನೂ ಒಪ್ಪುವ ಟ್ರಸ್ಟ್ ಮ್ಯಾನೇಜರ್ ಬರೆಯುವ ಕೋಡ್ ತುಣುಕುಗಳನ್ನು ದಯವಿಟ್ಟು ಎಂದಿಗೂ ಬಳಸಬೇಡಿ. ದಾರಿಯಲ್ಲಿ ಕುಳಿತ ಯಾರು ಬೇಕಾದರೂ ಬಳಕೆದಾರರ ಪಾಸ್‌ವರ್ಡ್ ಓದಲು ಅದರಿಂದ ಬಾಗಿಲು ತೆರೆದಂತಾಗುತ್ತದೆ.

ಆ್ಯಪ್ ಸ್ತಬ್ಧವಾಗಿ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸೂಚನೆ ಬರುತ್ತದೆ. ಎಲ್ಲವನ್ನೂ ಕೊರೂಟೀನ್‌ನಲ್ಲೇ ಬರೆದಿದ್ದೇನೆ.

ಬಳಕೆದಾರರ ಸ್ಪರ್ಶಕ್ಕೆ ಮುಖ್ಯ ಥ್ರೆಡ್ 5 ಸೆಕೆಂಡಿನೊಳಗೆ ಸ್ಪಂದಿಸದಿದ್ದರೆ ಸಿಸ್ಟಂ ಎಎನ್‌ಆರ್ (ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ) ಎಂದು ಘೋಷಿಸುತ್ತದೆ. ಕೊರೂಟೀನ್ ಎಂದರೆ ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಕೆಲಸ; ಅದರಲ್ಲಿ ಸಸ್ಪೆಂಡ್ ಎಂದು ಬರೆದ ಮಾತ್ರಕ್ಕೆ ಫಂಕ್ಷನ್ ಬೇರೆ ಥ್ರೆಡ್‌ಗೆ ಹೋಗುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ವ್ಯೂಮಾಡೆಲ್ ಸ್ಕೋಪ್ ಪೂರ್ವನಿಯೋಜಿತವಾಗಿ ಮುಖ್ಯ ಥ್ರೆಡ್‌ನಲ್ಲೇ ಓಡುತ್ತದೆ. ಅದರೊಳಗೆ ದೊಡ್ಡ ಕಡತವನ್ನು ಓದಿದರೆ ಪರದೆ ನಿಲ್ಲುತ್ತದೆ. ಕಡತ, ಡೇಟಾಬೇಸ್ ಕೆಲಸಗಳನ್ನು ಐಒ ಡಿಸ್ಪ್ಯಾಚರ್‌ಗೂ, ಲೆಕ್ಕಾಚಾರದ ಭಾರವನ್ನು ಡಿಫಾಲ್ಟ್ ಡಿಸ್ಪ್ಯಾಚರ್‌ಗೂ ಸಾಗಿಸಿ. ಡಿಬಗ್ ಬಿಲ್ಡ್‌ನಲ್ಲಿ ಸ್ಟ್ರಿಕ್ಟ್‌ಮೋಡ್ ಆನ್ ಮಾಡಿಟ್ಟರೆ ಮುಖ್ಯ ಥ್ರೆಡ್‌ನಲ್ಲಿ ನಡೆಯುವ ಇಂಥ ಕೆಲಸಗಳು ಬೇಗ ಬಯಲಾಗುತ್ತವೆ.

ಅನುಮತಿ ಕೇಳಿದರೂ ಕಿಟಕಿ ತೆರೆಯುತ್ತಿಲ್ಲ. ನೋಟಿಫಿಕೇಶನ್ ಕೂಡ ಕಾಣುತ್ತಿಲ್ಲ.

ಆಂಡ್ರಾಯ್ಡ್ 6.0ರಿಂದ ಸೂಕ್ಷ್ಮ ಅನುಮತಿಗಳನ್ನು ಮ್ಯಾನಿಫೆಸ್ಟ್‌ನಲ್ಲಿ ಘೋಷಿಸುವುದರ ಜೊತೆಗೆ ಆ್ಯಪ್ ಓಡುವಾಗಲೂ ಕೇಳಬೇಕು. ಘೋಷಿಸದೆ ಕೇಳಿದರೆ ಕಿಟಕಿ ಬಾರದೆಯೇ ನಿರಾಕರಣೆ ಸಿಗುತ್ತದೆ. ಆಂಡ್ರಾಯ್ಡ್ 11ರಿಂದ ಬಳಕೆದಾರರು ಎರಡು ಬಾರಿ ನಿರಾಕರಿಸಿದರೆ ಮತ್ತೆ ಕಿಟಕಿ ತೆರೆಯುವುದಿಲ್ಲ. ಏಕೆ ಬೇಕೆಂದು ವಿವರಿಸಿ ಸೆಟ್ಟಿಂಗ್ಸ್‌ಗೆ ಕರೆದೊಯ್ಯುವುದೇ ದಾರಿ. ನೋಟಿಫಿಕೇಶನ್‌ಗೆ ಆಂಡ್ರಾಯ್ಡ್ 8.0ರಿಂದ ಚಾನೆಲ್ ಕಡ್ಡಾಯ, ಆಂಡ್ರಾಯ್ಡ್ 13ರಿಂದ ಅನುಮತಿಯೂ ಬೇಕು.

ಹಿನ್ನೆಲೆಯ ಕೆಲಸ ಹೇಳಿದ ಹೊತ್ತಿಗೆ ನಡೆಯುವುದಿಲ್ಲ.

ಬ್ಯಾಟರಿ ಉಳಿಸುವ ಡೋಜ್ ವ್ಯವಸ್ಥೆ ಆಂಡ್ರಾಯ್ಡ್ 6.0ರಲ್ಲೇ ಬಂದಿತು, ನಿರ್ಬಂಧಗಳು ಅಲ್ಲಿಂದ ಬಿಗಿಯಾಗುತ್ತಲೇ ಬಂದಿವೆ. ವರ್ಕ್‌ಮ್ಯಾನೇಜರ್‌ನಲ್ಲಿ ಮರುಕಳಿಸುವ ಕೆಲಸದ ಕನಿಷ್ಠ ಅಂತರ 15 ನಿಮಿಷ. 5 ನಿಮಿಷ ಎಂದು ಬರೆದರೂ ಅದು 15ಕ್ಕೇ ಏರುತ್ತದೆ. ಅದು ಕೆಲಸ ನಡೆದೇ ನಡೆಯುವಂತೆ ನೋಡಿಕೊಳ್ಳುತ್ತದೆ, ನಿಖರ ಸಮಯಕ್ಕೆ ಎಂದಲ್ಲ. ಅಲಾರಂ, ಕ್ಯಾಲೆಂಡರ್‌ನಂಥ ಆ್ಯಪಿಗೆ ನಿಖರ ಸಮಯ ಬೇಕಾದರೆ ಅಲಾರಂ ಮ್ಯಾನೇಜರ್ ಇದೆ, ಆದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಮುನ್ನೆಲೆ ಸರ್ವೀಸ್ ಬಳಸುವುದಾದರೆ ಆಂಡ್ರಾಯ್ಡ್ 14 ಅನ್ನು ಗುರಿಯಾಗಿಸಿದ ಆ್ಯಪ್ ಅದರ ಬಗೆಯನ್ನು ಮ್ಯಾನಿಫೆಸ್ಟ್‌ನಲ್ಲಿ ಹೇಳಲೇಬೇಕು.

ಡಿಬಗ್‌ನಲ್ಲಿ ಸರಿಯಾಗಿ ಓಡುವ ಆ್ಯಪ್ ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಕ್ರ್ಯಾಶ್ ಆಗುತ್ತದೆ.

ಬಹುಮಟ್ಟಿಗೆ ಕಾರಣ ಆರ್8 ಎಂಬ ಕೋಡ್ ಕುಗ್ಗಿಸುವ ಸಾಧನ. ಅದು ಬಳಕೆಯಾಗದ ಕೋಡನ್ನು ತೆಗೆದು, ಉಳಿದ ಕ್ಲಾಸ್, ಚರಗಳ ಹೆಸರುಗಳನ್ನು ‘ಎ’, ‘ಬಿ’ ಎಂಬಂತೆ ಮೊಟಕುಗೊಳಿಸುತ್ತದೆ. ಕೋಡನ್ನು ಹೆಸರಿನಿಂದ ಹುಡುಕುವ ಯಾವುದೇ ಲೈಬ್ರರಿಗೆ ಇದು ಅಡ್ಡಿ. ಸರ್ವರ್ ಕಳುಹಿಸಿದ ಜೇಸನ್ (ಮಾಹಿತಿ ಸಾಗಿಸುವ ಪಠ್ಯರೂಪ) ಕಡತದಲ್ಲಿ ‘ಯೂಸರ್‌ನೇಮ್’ ಎಂಬ ಕೀಲಿ ಇದೆ, ನಿಮ್ಮ ಡೇಟಾ ಕ್ಲಾಸಿನಲ್ಲೂ ಅದೇ ಹೆಸರಿನ ಚರ ಇದೆ, ಅದನ್ನು ಜಿಸನ್ ಲೈಬ್ರರಿ ತುಂಬುತ್ತದೆ ಎನ್ನೋಣ. ಆರ್8 ಆ ಚರವನ್ನು ‘ಎ’ ಎಂದು ಬದಲಿಸಿದ ಮೇಲೆ ಜಿಸನ್‌ಗೆ ಹೊಂದುವ ಚರ ಸಿಗುವುದಿಲ್ಲ, ಅದು ಸದ್ದಿಲ್ಲದೆ ನಲ್ ಬಿಡುತ್ತದೆ. ಕಾಟ್ಲಿನ್‌ನಲ್ಲಿ ನೀವು ಅದನ್ನು ನಲ್ ಆಗದ ಚರವೆಂದು ಬರೆದಿದ್ದರೂ ಜಿಸನ್ ಆ ನಿಯಮವನ್ನು ನೋಡುವುದಿಲ್ಲ. ಕೊನೆಗೆ ಕ್ರ್ಯಾಶ್ ಆಗುವುದು ಎಲ್ಲೋ ದೂರದಲ್ಲಿ, ಆ ಹೆಸರನ್ನು ಪರದೆಗೆ ಬರೆಯುವ ಸಾಲಿನಲ್ಲಿ.

ಇಂಥ ಚರಗಳಿಗೆ ಸೀರಿಯಲೈಸ್ಡ್‌ನೇಮ್ ಟಿಪ್ಪಣಿ ಹಾಕಿ, ಆ ಕ್ಲಾಸುಗಳಿಗೆ ಕೀಪ್ ನಿಯಮ ಬರೆಯಿರಿ. ಹೊಸ ಪ್ರಾಜೆಕ್ಟಾದರೆ ಕಂಪೈಲ್ ಹಂತದಲ್ಲೇ ಕೋಡ್ ಹುಟ್ಟಿಸುವ ಕಾಟ್ಲಿನ್ ಸೀರಿಯಲೈಸೇಶನ್ ನನ್ನ ಆಯ್ಕೆ. ಇಡೀ ಪ್ಯಾಕೇಜನ್ನು ಉಳಿಸಿಕೊಳ್ಳುವ ಅಗಲದ ನಿಯಮ ಬರೆದರೆ ಕ್ರ್ಯಾಶ್ ನಿಲ್ಲುತ್ತದೆ ನಿಜ, ಆದರೆ ಆರ್8 ಬಳಸಿದ ಲಾಭವೂ ಅಷ್ಟರಮಟ್ಟಿಗೆ ಹೋಗುತ್ತದೆ. ಪ್ಲಗಿನ್ 8.0ರಿಂದ ಆರ್8 ಇನ್ನಷ್ಟು ಕಟ್ಟುನಿಟ್ಟಾದ ಫುಲ್ ಮೋಡ್‌ನಲ್ಲಿ ಓಡುವುದರಿಂದ, ಮೊದಲು ಸಾಕಾಗಿದ್ದ ನಿಯಮಗಳು ಈಗ ಸಾಲದಿರಬಹುದು.

ಪ್ರತಿ ರಿಲೀಸಿನ ಮ್ಯಾಪಿಂಗ್ ಕಡತವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಬಳಕೆದಾರರಿಂದ ಬರುವ ಕ್ರ್ಯಾಶ್ ವರದಿಯಲ್ಲಿ ಮೊಟಕು ಹೆಸರುಗಳಷ್ಟೇ ಕಾಣುತ್ತವೆ. ಇದ್ದರೆ ರೀಟ್ರೇಸ್ ಸಾಧನ ಮೂಲ ಹೆಸರುಗಳನ್ನು ಮರಳಿ ಕೊಡುತ್ತದೆ.

ಹೊಸ ಎಪಿಕೆ (ಆ್ಯಪಿನ ಕಡತ) ಇನ್‌ಸ್ಟಾಲ್ ಆಗುತ್ತಿಲ್ಲ. ಕೀಸ್ಟೋರ್ (ಸಹಿಯ ಕೀಲಿ ಇರುವ ಕಡತ) ಕಳೆದುಹೋದರೆ ಗತಿಯೇನು?

‘ಇನ್‌ಸ್ಟಾಲ್ ಫೇಲ್ಡ್ ಅಪ್‌ಡೇಟ್ ಇನ್‌ಕಂಪ್ಯಾಟಿಬಲ್’ ಎಂದರೆ ಫೋನಿನಲ್ಲಿರುವ ಆ್ಯಪಿಗೆ ಬೇರೆ ಕೀಲಿಯ ಸಹಿ ಇದೆ. ಪ್ರತಿ ಕಂಪ್ಯೂಟರಿನ ಡಿಬಗ್ ಕೀಲಿ ಬೇರೆಯಾದ್ದರಿಂದ ತಂಡಗಳಲ್ಲಿ ಇದು ಸಾಮಾನ್ಯ. ಹಳೆಯದನ್ನು ತೆಗೆದುಹಾಕಿದರೆ ಸರಿಹೋಗುತ್ತದೆ, ಅದರೊಳಗಿನ ಮಾಹಿತಿಯೂ ಹೋಗುತ್ತದೆ. ‘ವರ್ಷನ್ ಡೌನ್‌ಗ್ರೇಡ್’ ಎಂದಿದ್ದರೆ ಹೊಸದರ ವರ್ಷನ್ ಕೋಡ್ ಹಳೆಯದಕ್ಕಿಂತ ಕಡಿಮೆ ಇದೆ.

ಪ್ಲೇ ಆ್ಯಪ್ ಸೈನಿಂಗ್ (ಸಹಿಯ ಕೀಲಿಯನ್ನು ಗೂಗಲ್ ಪ್ಲೇ ಇಟ್ಟುಕೊಳ್ಳುವ ವ್ಯವಸ್ಥೆ) ಬಳಸುತ್ತಿದ್ದರೆ ನಿಮ್ಮ ಬಳಿ ಇರುವುದು ಅಪ್‌ಲೋಡ್ ಕೀಲಿ ಮಾತ್ರ. ಅದು ಕಳೆದರೆ ಪ್ಲೇ ಕನ್ಸೋಲ್ ಮೂಲಕ ಹೊಸದಕ್ಕೆ ಮನವಿ ಸಲ್ಲಿಸಬಹುದು. ಸಹಿಯ ಕೀಲಿಯನ್ನು ನೀವೇ ಇಟ್ಟುಕೊಂಡ ಹಳೆಯ ಆ್ಯಪಿನಲ್ಲಿ ಅದು ಕಳೆದರೆ ಆ ಆ್ಯಪಿಗೆ ಅಪ್‌ಡೇಟ್ ಕೊಡಲು ಸಾಧ್ಯವೇ ಇಲ್ಲ. ಕೀಸ್ಟೋರ್ ಮತ್ತು ಅದರ ಪಾಸ್‌ವರ್ಡನ್ನು ಕನಿಷ್ಠ ಎರಡು ಸುರಕ್ಷಿತ ಕಡೆ ಇಡಿ.

ಗೂಗಲ್ ಖಾತೆಯಿಂದ ಲಾಗಿನ್ ಆಗುವುದು ಪ್ಲೇ ಸ್ಟೋರಿನಿಂದ ಇಳಿಸಿಕೊಂಡ ಆ್ಯಪಿನಲ್ಲಿ ಮಾತ್ರ ವಿಫಲವಾದರೆ ಅದರ ಮೂಲವೂ ಇಲ್ಲೇ ಇದೆ. ಅಲ್ಲಿ ಅಂತಿಮ ಸಹಿ ಹಾಕುವುದು ಪ್ಲೇ ಇಟ್ಟುಕೊಂಡ ಕೀಲಿಯಿಂದ. ಅದರ ಎಸ್‌ಎಚ್‌ಎ-1 ಗುರುತನ್ನು ಪ್ಲೇ ಕನ್ಸೋಲ್‌ನಿಂದ ತೆಗೆದು ನಿಮ್ಮ ಫೈರ್‌ಬೇಸ್ ಅಥವಾ ಗೂಗಲ್ ಕ್ಲೌಡ್ ಪ್ರಾಜೆಕ್ಟಿಗೆ ಸೇರಿಸಿ.

ಟಾರ್ಗೆಟ್ ಎಸ್‌ಡಿಕೆಯನ್ನು 35ಕ್ಕೆ ಏರಿಸಿದ ಮೇಲೆ ಗುಂಡಿಗಳು ಸ್ಟೇಟಸ್ ಬಾರ್ ಕೆಳಗೆ ಸೇರಿಹೋಗಿವೆ.

ಎಪಿಐ 35 ಅನ್ನು ಗುರಿಯಾಗಿಸಿದ ಆ್ಯಪ್ ಆಂಡ್ರಾಯ್ಡ್ 15ರಲ್ಲಿ ಪರದೆಯ ಅಂಚಿನಿಂದ ಅಂಚಿಗೆ ಹರಡಿಕೊಳ್ಳುತ್ತದೆ. ಸಿಸ್ಟಂ ಬಾರ್‌ಗಳಿಗೆ ಬೇಕಾದ ಜಾಗವನ್ನು ವಿಂಡೋ ಇನ್‌ಸೆಟ್ಸ್ ಮೂಲಕ ನೀವೇ ಬಿಡಬೇಕು. ಕಂಪೋಸ್‌ನಲ್ಲಿ ಸ್ಕ್ಯಾಫೋಲ್ಡ್ ಕೊಡುವ ಪ್ಯಾಡಿಂಗನ್ನು ಒಳಗಿನ ವಿಷಯಕ್ಕೆ ಅನ್ವಯಿಸಿದರೆ ಬಹುತೇಕ ಪರದೆಗಳು ಸರಿಹೋಗುತ್ತವೆ. ಕೀಬೋರ್ಡ್ ತೆರೆದಾಗ ಕೆಳಗಿನ ಪಠ್ಯಪೆಟ್ಟಿಗೆ ಮುಚ್ಚಿಹೋಗುವುದನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಆ್ಯಪಿನಲ್ಲಿ ನೇಟಿವ್ ಲೈಬ್ರರಿಗಳಿದ್ದರೆ ಅವು 16 ಕೆಬಿ ಮೆಮೊರಿ ಪುಟಕ್ಕೆ ಹೊಂದುತ್ತವೆಯೇ ಎಂದೂ ನೋಡಿ. ಎನ್‌ಡಿಕೆ ಆರ್28 ಪೂರ್ವನಿಯೋಜಿತವಾಗಿ ಹಾಗೆಯೇ ಕಂಪೈಲ್ ಮಾಡುತ್ತದೆ, ಬೇರೆಯವರ ಲೈಬ್ರರಿಗಳಿಗೆ ಹೊಸ ಆವೃತ್ತಿ ಬೇಕಾದೀತು.

ತೊಡಕು ಬಳಕೆದಾರರ ಫೋನಿನಲ್ಲಿದೆ, ನನ್ನ ಫೋನಿನಲ್ಲಿ ಮರುಕಳಿಸುತ್ತಿಲ್ಲ.

ಅವರ ಆಂಡ್ರಾಯ್ಡ್ ಆವೃತ್ತಿ, ಫೋನಿನ ಮಾದರಿ, ಭಾಷೆ, ಅಕ್ಷರದ ಅಳತೆ ಮತ್ತು ಕ್ರ್ಯಾಶ್‌ಗೆ ಮುಂಚೆ ಅವರು ಮಾಡಿದ ಕೊನೆಯ ಎರಡು ಮೂರು ಕೆಲಸಗಳನ್ನು ಕೇಳಿ. ಅದೇ ಎಪಿಐ ಮಟ್ಟದ ಎಮ್ಯುಲೇಟರನ್ನು ತೆರೆದು, ಭಾಷೆ ಮತ್ತು ಅಕ್ಷರದ ಅಳತೆಯನ್ನೂ ಹಾಗೆಯೇ ಹೊಂದಿಸಿ, ಡಿಬಗ್ ಬಿಲ್ಡ್ ಬದಲು ರಿಲೀಸ್ ಬಿಲ್ಡನ್ನೇ ಓಡಿಸಿ. ಭಾಷೆಯನ್ನು ಕೇಳುವುದು ಅನಗತ್ಯವೆನಿಸಬಹುದು. ಆದರೆ ಸಂಖ್ಯೆಯನ್ನು ಫೋನಿನ ಭಾಷೆಗೆ ತಕ್ಕಂತೆ ಪಠ್ಯವಾಗಿಸಿ ಸರ್ವರಿಗೆ ಕಳುಹಿಸುವ ಕೋಡ್, ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುವ ಭಾಷೆಯಲ್ಲಿ 3.5ರ ಬದಲು 3,5 ಎಂದು ಕಳುಹಿಸುತ್ತದೆ. ಯಂತ್ರಗಳು ಓದಬೇಕಾದ ಪಠ್ಯಕ್ಕೆ ಲೊಕೇಲ್ ರೂಟ್ ಕೊಟ್ಟರೆ ಎಲ್ಲ ಫೋನುಗಳಲ್ಲೂ ಒಂದೇ ರೂಪ ಹೋಗುತ್ತದೆ.